ಮಲಗಿದ ಬಾಗಿಲಿಗೊಂದು ಹೊದಿಕೆ

ನಮ್ಮ ಮನೆಯಲ್ಲಿ ಒಂದು ಬಾಗಿಲು ಇಪ್ಪತ್ತೈದು ವರ್ಷದಿಂದ ಮಲಗಿಕೊಂಡಿದೆ. ನಮಗಿಂತ ಮುಂಚೆ ಈ ಮನೆಯಲ್ಲಿದ್ದವರು ಬಿಟ್ಟುಹೋದ ಬಾಗಿಲು ಅದು. ನಮ್ಮವರು ಅದನ್ನು ಕಿಟಕಿಯ ಪಕ್ಕ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಅಡ್ಡ ಹಾಕಿ, ಅದನ್ನೇ ಕೆಲಸದ ಮೇಜು ಮಾಡಿಕೊಂಡರು. ಬೀಗದ ತೂತು ಇವತ್ತಿಗೂ ಹಾಗೇ ಇದೆ. ಆ ಬಾಗಿಲ ಮೇಲೆ ಅವರು ಹಲ್ಲು ಕಟ್ಟುತ್ತಾರೆ.

ಹಲ್ಲು ಕಟ್ಟುತ್ತಾರೆ ಅಂದ ಕೂಡಲೇ ಜನ ನನ್ನನ್ನು ಡಾಕ್ಟರ ಹೆಂಡತಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಅಂತ ನಾನೂ ಎರಡು ನಿಮಿಷ ಸುಮ್ಮನಿರುತ್ತೇನೆ, ಆಮೇಲೆ ನಿಜ ಹೇಳುತ್ತೇನೆ. ಡಾಕ್ಟರು ಬಾಯಿ ನೋಡಿ ಅಚ್ಚು ತೆಗೆಯುತ್ತಾರೆ. ಆ ಅಚ್ಚು ರಟ್ಟಿನ ಡಬ್ಬಿಯಲ್ಲಿ ನಮ್ಮ ಮನೆಗೆ ಬರುತ್ತದೆ, ಜೊತೆಗೊಂದು ಚೀಟಿ. ಚೀಟಿಯ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಇವರು ಅಚ್ಚಿಗೆ ಪ್ಲಾಸ್ಟರ್ ಸುರಿದು ಒಸಡಿನ ಪಡಿಯಚ್ಚು ಎತ್ತಿ, ಅದರ ಮೇಲೆ ಗುಲಾಬಿ ಬಣ್ಣದ ಮೇಣ ಕಟ್ಟಿ, ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾರೆ. ಕೊನೆಗೆ ಹಲ್ಲಿನ ಸೆಟ್ಟು ಗಟ್ಟಿಯಾಗಿ, ಹೊಳಪು ಬಂದು, ಅದೇ ಡಬ್ಬಿಯಲ್ಲಿ ವಾಪಸು ಹೋಗುತ್ತದೆ. ಅದು ಯಾರ ಬಾಯಿಗೆ ಹೋಯಿತು ಅಂತ ಇವರಿಗೆ ಗೊತ್ತಾಗುವುದಿಲ್ಲ. ಕೇಳುವ ಹಾಗೂ ಇಲ್ಲ. ಕಟ್ಟಿಸಿಕೊಂಡ ಹಲ್ಲು ಅಂದರೆ ಗುಟ್ಟು; ಕಟ್ಟಿದವನು ಅದನ್ನು ಗುಟ್ಟಾಗಿಯೇ ಇಡಬೇಕು ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದಾರೆ.

ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಹಲ್ಲು ಕಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ. ಆದರೆ ತಾವು ಕಟ್ಟಿದ ಹಲ್ಲು ಒಂದು ಜೀವಂತ ಬಾಯಲ್ಲಿ ಕೂತು ನಗುವುದನ್ನು ಒಂದು ಸಲವೂ ನೋಡಿರಲಿಲ್ಲ. ನಾನೇನಾದರೂ ದಿನಾ ಅಡುಗೆ ಮಾಡಿ, ಮುಚ್ಚಳ ಹಾಕಿ, ಉಣ್ಣುವವರ ಮುಖವನ್ನೇ ಕಾಣದೆ ಬೀದಿಗೆ ಕಳಿಸಿದ್ದರೆ ಮೂರನೇ ದಿನ ಒಲೆಯನ್ನೇ ಒದ್ದಿರುತ್ತಿದ್ದೆ. ಇವರು ಹಾಗಲ್ಲ. ಬೀದಿಯವರು ‘ಹಲ್ಲಪ್ಪ’ ಅಂತ ಅಡ್ಡಹೆಸರಿಟ್ಟರೂ ತಮ್ಮ ಹಲ್ಲು ತೋರಿಸದ ಮನುಷ್ಯ. ಬಾಯಿಗೆ ಬೀಗ. ಆ ಬಾಗಿಲಿಗಿಲ್ಲದ ಬೀಗ ಇವರ ಬಾಯಿಗೆ ಹೋಗಿ ಕೂತಿದೆ ಅಂತ ನಾನು ಎಷ್ಟೋ ಸಲ ಆಡಿಕೊಂಡಿದ್ದೇನೆ.

ನನ್ನ ಬಾಯಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನನಗೆ ಮೇಲಿನ ಸಾಲಿನಲ್ಲಿ, ಬಲಗಡೆಯ ಎರಡನೇ ಹಲ್ಲು ಓರೆ. ತುಂಬಾ ಅಲ್ಲ, ಪಕ್ಕದ ಹಲ್ಲಿನ ಹಿಂದಿನಿಂದ ಇಣುಕಿ ನೋಡುವ ಹಾಗೆ ಸ್ವಲ್ಪ ತಿರುಗಿದೆ. ನನಗೆ ಹನ್ನೊಂದು ವರ್ಷವಿದ್ದಾಗ ಸೋದರತ್ತೆ ಬಂದವರು, ಮನೆ ತುಂಬ ಜನರ ಎದುರಿಗೆ, “ಈ ಹುಡುಗಿ ಬಾಯಿ ಮುಚ್ಚಿಕೊಂಡಿದ್ದರೆ ಲಕ್ಷಣವಾಗಿದ್ದಾಳೆ” ಅಂದುಬಿಟ್ಟರು. ಅವತ್ತಿನಿಂದ ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಸೋದರತ್ತೆ ಹೋಗಿ ಎಷ್ಟೋ ಕಾಲವಾಯಿತು, ಕೈ ಮಾತ್ರ ಇನ್ನೂ ಅವರ ಮಾತು ಕೇಳುತ್ತಿದೆ.

ಎಂಟು ವರ್ಷದ ಹಿಂದೆ ಒಂದು ಡಬ್ಬಿ ಬಂತು. ಚೀಟಿಯಲ್ಲಿ ಡಾಕ್ಟರು ಎಂದೂ ಬರೆಯದ ಒಂದು ಸಾಲು ಬರೆದಿದ್ದರು: ‘ಮೇಲೆ ಎಡಗಡೆ ಎರಡನೆಯದು ಸ್ವಲ್ಪ ಓರೆ ಇರಬೇಕು, ಮೊದಲಿದ್ದ ಹಾಗೆ. ವಾರದೊಳಗೆ ಬೇಕು.’ ಎಲ್ಲರೂ ಮುತ್ತಿನ ಸಾಲು ಕೇಳುವವರೇ. ಓರೆ ಹಲ್ಲು ಬೇಕು ಅಂತ ಹಟ ಹಿಡಿದವರು ಅದೇ ಮೊದಲು. ಇವರು ಚೀಟಿ ಹಿಡಿದುಕೊಂಡು ಅರ್ಧ ದಿನ ಕೂತರು. ಆಮೇಲೆ ನನ್ನನ್ನು ಕರೆದರು.

“ಸ್ವಲ್ಪ ಇಲ್ಲಿ ಬಾ. ನಗು.”

“ಯಾಕೆ?”

“ಕೆಲಸ ಇದೆ.”

ಕಿಟಕಿಯ ಬೆಳಕಿಗೆ ನಿಲ್ಲಿಸಿದರು. ಬಾಯಿಗೆ ಬಂದ ಕೈಯನ್ನು ತಾವೇ ಹಿಡಿದು ಪಕ್ಕಕ್ಕಿಟ್ಟರು. ಕನ್ನಡಕ ಏರಿಸಿ ನನ್ನ ಹಲ್ಲು ನೋಡುವುದು, ಬಿಸಿ ಚೂರಿಯ ತುದಿಯಿಂದ ಮೇಣದಲ್ಲಿದ್ದ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ನನ್ನನ್ನು ನೋಡುವುದು. ಒಲೆಯ ಮೇಲೆ ಹಾಲು ಉಕ್ಕಿದ್ದು ಕೇಳಿಸಿದರೂ ನಾನು ಅಲ್ಲಾಡಲಿಲ್ಲ. ಮದುವೆಯಾದ ಮೇಲೆ, ಮದುವೆಗೆ ಮುಂಚೆಯೂ, ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಕೊನೆಗೆ ಅವರು “ಚೆನ್ನಾಗಿದೆ” ಅಂದರು. ನನಗೆ ಅಂದರೋ ಮೇಣದ ಹಲ್ಲಿಗೆ ಅಂದರೋ ಗೊತ್ತಾಗಲಿಲ್ಲ. ಆದರೆ ಅವತ್ತಿನಿಂದ ಅವರು ಇನ್ನೊಂದು ಸಲ ಹಾಗೆ ಕರೆಯಲಿ ಅಂತ ಕಾದಿದ್ದೇನೆ. ಮುಚ್ಚಿಟ್ಟು ಏನು ಪ್ರಯೋಜನ, ಎಂಟು ವರ್ಷದಿಂದ ಕಾದಿದ್ದೇನೆ.

ಮಾಮೂಲಿನಂತೆ ಆಗಿದ್ದರೆ ಮೇಣದ ಸೆಟ್ಟನ್ನು ಡಾಕ್ಟರು ಒಮ್ಮೆ ಕಟ್ಟಿಸಿಕೊಳ್ಳುವವರ ಬಾಯಿಗಿಟ್ಟು ನೋಡಬೇಕಿತ್ತು. ಆ ಸಲ ಆತುರ, ಅದನ್ನು ಬಿಟ್ಟರು. ಡಬ್ಬಿ ಹೋದ ಎರಡನೇ ದಿನ ಇವರು ಚೀಟಿಯನ್ನು ಫೈಲಿಗೆ ಚುಚ್ಚಲು ಹೋದವರು ಹಾಗೇ ನಿಂತುಬಿಟ್ಟರು.

“ನಿಂದು ಯಾವ ಕಡೆ?” ಅಂತ ಕೇಳಿದರು.

“ಬಲಗಡೆ. ಅಷ್ಟು ಹೊತ್ತು ನೋಡಿ ಇದನ್ನ ಈಗ ಕೇಳ್ತೀರಾ?”

ನಾಲಿಗೆ ಕಚ್ಚಿಕೊಂಡರು. ಚೀಟಿಯಲ್ಲಿ ಎಡಗಡೆ ಅಂತಿತ್ತು. ಅಪ್ಪ ಮಾಡುವುದನ್ನು ನೋಡಿ ಕಲಿತ ಕೈ, ಕಣ್ಣು ಮುಚ್ಚಿಕೊಂಡು ಹಲ್ಲು ಜೋಡಿಸುವ ಕೈ, ಕಣ್ಣು ಬಿಟ್ಟುಕೊಂಡು ಚೀಟಿಯಲ್ಲಿ ಕೇಳಿದ ಹಲ್ಲು ಬಿಟ್ಟು ನನ್ನ ಹಲ್ಲನ್ನೇ ಕಟ್ಟಿ ಕಳಿಸಿತ್ತು. ಡಾಕ್ಟರಿಗೆ ಫೋನು ಮಾಡಿದರೆ, ಕಟ್ಟಿಸಿಕೊಂಡವರು ಸೆಟ್ಟು ಹಾಕಿಕೊಂಡು ಯಾವುದೋ ಊರಿಗೆ ಹೋಗಿಯಾಯಿತು, ತಕರಾರು ಬಂದರೆ ನೋಡೋಣ ಅಂದರು. ತಕರಾರು ಬರಲೇ ಇಲ್ಲ. ಇವರ ಕಸುಬಿನಲ್ಲಿ ಇರುವ ಸಂಕಟವೇ ಅದು. ಕೆಟ್ಟದ್ದು ವಾಪಸು ಬರುತ್ತದೆ. ವಾಪಸು ಬಾರದ್ದು ಬಾಯಲ್ಲಿದೆಯೋ, ಬೇಡವಾಗಿ ಯಾರದೋ ಮನೆಯ ಲೋಟದ ನೀರಿನಲ್ಲಿ ಕೂತಿದೆಯೋ, ತಿಳಿಯುವ ದಾರಿಯೇ ಇಲ್ಲ. ಆ ಚೀಟಿಯನ್ನು ಇವರು ಬಾಗಿಲ ಅಂಚಿಗೆ, ತಮ್ಮ ಎಡಗೈ ಕೂರುವ ಜಾಗದಲ್ಲಿ, ಗುಂಡುಪಿನ್ನು ಚುಚ್ಚಿ ಇಟ್ಟುಕೊಂಡರು. ಬಿಡುವಾದಾಗ ಅದನ್ನು ನೋಡುತ್ತಾ ಕೂರುವುದನ್ನು ನಾನು ಅಡುಗೆಮನೆಯಿಂದ ನೋಡುತ್ತಿದ್ದೆ.

ಬಾಗಿಲಿಗೆ ಒಂದು ಹೊದಿಕೆ ಹಾಕಿಸಿ ಅಂತ ನಾನು ಹೇಳಿ ಹೇಳಿ ನಾಲಿಗೆ ಸವೆದಿದೆ. ಚೂರಿ ಕಾಯಿಸುವ ದೀಪದ ಉರಿ ತಾಗಿ ಅಲ್ಲಲ್ಲಿ ಕಪ್ಪು ಕಲೆ, ಬಿರುಕುಗಳ ತುಂಬ ಪ್ಲಾಸ್ಟರು, ಮೇಣ ಕುಡಿದು ಕುಡಿದು ಮರ ಜಿಡ್ಡುಗಟ್ಟಿದೆ. “ಹೊದಿಕೆ ಹಾಕಿದ್ರೆ ಕೈಗೆ ಹೊಸದಾಗುತ್ತೆ” ಅನ್ನುತ್ತಿದ್ದರು. ಚೀಟಿ ಮುಚ್ಚಿಹೋಗುತ್ತದೆ ಅನ್ನುವುದೇ ನಿಜವಾದ ಕಾರಣ ಅಂತ ನನಗೆ ಗೊತ್ತಿತ್ತು. ಕಳೆದ ತಿಂಗಳು ಒಂದು ಮುಂದಿನ ಹಲ್ಲು ಇಕ್ಕಳದಿಂದ ಜಾರಿ, ಎರಡು ಸಲ ನೆಗೆದು, ನೇರ ಬೀಗದ ತೂತಿಗೆ ಬಿತ್ತು. ಕೆಳಗೆ ಬಿದ್ದ ಹಲ್ಲನ್ನು ಕಸದ ಜೊತೆ ಗುಡಿಸಿದ ಮಹಾತಾಯಿ ನಾನೇ. ಇಡೀ ದಿನ ಇಬ್ಬರೂ ಕಸದ ಬುಟ್ಟಿ ಕೆದಕಿದೆವು. ಸಂಜೆ ಅವರು ಸೋತು, “ಆಯ್ತು, ಏನಾದರೂ ತರ್ತೀನಿ” ಅಂದರು.

ಆಮೇಲೆ ಶುರುವಾಯಿತು ನೋಡಿ ಮೀನಮೇಷ. ಗಾಜು ಹಾಕೋಣವೆಂದರೆ ತಣ್ಣಗಿರುತ್ತದೆ, ಮೇಣ ಬೇಗ ಬಿಗಿಯುತ್ತದೆ, ಪ್ಲಾಸ್ಟರ್ ಅಚ್ಚು ಕುಟ್ಟಿದರೆ ಬಿರುಕು. ರೆಕ್ಸಿನ್ ಹಾಕಿದರೆ ಬಿಸಿ ಚೂರಿಗೆ ಕರಗಿ ಹೋಗುತ್ತದೆ. ರಬ್ಬರಿಗೆ ವಾಸನೆ. ತಗಡು ಹಾಕಿದರೆ ಬಿದ್ದ ಹಲ್ಲು ಕಪ್ಪೆಯ ಹಾಗೆ ನೆಗೆಯುತ್ತದೆ. ಸನ್‌ಮೈಕಾ ಹಾಕೋಣ, ಬಿಳಿಯದು, ಚೊಕ್ಕಟವಾಗಿರುತ್ತೆ ಅಂದೆ. “ಬಿಳಿ ಮೇಲೆ ಬಿಳಿ ಹಲ್ಲು ಹುಡುಕ್ತೀಯಾ?” ಅಂತ ನನ್ನನ್ನೇ ಕೇಳಿದರು. ನನ್ನ ಬುದ್ಧಿಗೆ ಅದು ಹೊಳೆದಿರಲಿಲ್ಲ, ಆದರೂ ಒಪ್ಪಿಕೊಳ್ಳಲಿಲ್ಲ.

ಶೀಟುಗಳನ್ನು ಮಾರುವ ಅಂಗಡಿ ನಮ್ಮ ಬೀದಿ ದಾಟಿ ಬಸ್ ನಿಲ್ದಾಣದ ಹಿಂದಿದೆ. ಮೊದಲ ದಿನ ಹೋದವರು ಅಂಗೈಯಷ್ಟು ರಬ್ಬರಿನ ತುಂಡು ಹಿಡಿದುಕೊಂಡು ಬಂದರು. ಮುಖದಲ್ಲಿ ಏನೋ ಒಂದು ಹೊಳಪು, ಊಟದಲ್ಲಿ ಗಮನವಿಲ್ಲ. ಮಾರನೇ ದಿನ ಹೋಗಿ ರೆಕ್ಸಿನ್ ತುಂಡು ತಂದರು. “ರೆಕ್ಸಿನ್ ಆಗಲ್ಲ ಅಂದಿದ್ರಲ್ಲ?” ಅಂದರೆ, “ನೋಡಿದ್ರೆ ತಪ್ಪೇನು?” ಅಂದರು. ನಾಲ್ಕನೇ ದಿನ ತಲೆ ಬಾಚಿಕೊಂಡು ಹೋದರು. ಆರನೇ ದಿನ ಇಸ್ತ್ರಿ ಮಾಡಿದ ಅಂಗಿ.

ಐವತ್ತೆಂಟು ದಾಟಿದ, ಮಾತೇ ಆಡದ ಗಂಡನ ಮೇಲೆ ಅನುಮಾನ ಪಡುವುದು ನಗೆಪಾಟಲಿನ ವಿಷಯ. ಆದರೂ ತಲೆಯೊಳಗೆ ಹುಳ ಹೊಕ್ಕಿತು. ಪಕ್ಕದ ಮನೆಯಾಕೆಯನ್ನು, ಆ ಅಂಗಡಿಯಲ್ಲಿ ಯಾರಿರುತ್ತಾರೆ ಅಂತ ಸುಮ್ಮನೆ ಕೇಳುವ ಹಾಗೆ ಕೇಳಿದೆ. “ಒಬ್ಬರು ಹೆಂಗಸು” ಅಂದಳು. ಅಷ್ಟು ಸಾಕಾಯಿತು. ಬಾಗಿಲ ಮೇಲೆ ಒಂಬತ್ತು ತುಂಡುಗಳು ಸಾಲಾಗಿ ಕೂತ ದಿನ ನಾನು ಚಪ್ಪಲಿ ಮೆಟ್ಟಿದೆ.

“ಇವತ್ತು ನಾನೂ ಬರ್ತೀನಿ.”

ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. “ಬಾ, ನೀನು ಬಂದ್ರೆ ಒಳ್ಳೇದೇ” ಅಂದರು. ಬಸ್ ನಿಲ್ದಾಣದ ತಿರುವಿನಲ್ಲಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನನ್ನನ್ನು ನೋಡದೆ ಹೇಳಿದರು.

“ಆ ಚೀಟಿಯ ಹಲ್ಲು ಸಿಕ್ಕಿತು ಕಣೆ.”

ಅಂಗಡಿಯಾಕೆಗೆ ಎಪ್ಪತ್ತು ದಾಟಿದೆಯಂತೆ. ಮೊದಲ ದಿನ ಇವರು, ಸಣ್ಣ ಸಾಮಾನು ಬಿದ್ದರೆ ನೆಗೆಯಬಾರದು, ಉರುಳಬಾರದು, ಅಡಗಬಾರದು, ಅಂಥ ಶೀಟು ಬೇಕು ಅಂತ ಕೇಳಿದ್ದಾರೆ. ಆಕೆ, “ಅಂಥದ್ದು ಸಿಕ್ಕಿದ್ರೆ ಮೊದಲು ನನ್ನ ಮೊಮ್ಮಕ್ಕಳಿಗೆ ಹಾಸ್ತಿದ್ದೆ” ಅಂತ ತನ್ನ ಮಾತಿಗೆ ತಾನೇ ಒಂದು ಸಲ ನಕ್ಕಳಂತೆ. ಬಲಗಡೆ ಎರಡನೆಯದು ಓರೆ. ಇವರು ಕಟ್ಟಿದ್ದೇ, ಕೈ ಗುರುತು ತಪ್ಪುವುದಿಲ್ಲ.

“ಮತ್ತೆ ಒಂಬತ್ತು ಸಲ ಯಾಕೆ ಹೋದ್ರಿ?”

“ಅವತ್ತೇ ಕೊನೆ. ಆಮೇಲೆ ಒಂದು ಸಲಾನೂ ನಗಲಿಲ್ಲ. ತುಟಿ ಬಿಗಿಹಿಡಿದೇ ಮಾತಾಡ್ತಾರೆ. ಹಲ್ಲು ಕಾಣುತ್ತೆ ಅಂತ ನಾಚಿಕೆಯೋ ಏನೋ. ತಮ್ಮ ಮೊದಲಿನ ಮುಖ ವಾಪಸು ಬೇಕು ಅಂತ ಕೇಳಿದ್ದರು. ನಾನು ಅವರ ನಗು ಕೆಡಿಸಿಬಿಟ್ಟೆನಾ ಅಂತ... ಅಷ್ಟು ಗೊತ್ತಾದ್ರೆ ಸಾಕು. ಕೇಳೋ ಹಾಗಿಲ್ಲವಲ್ಲ.”

ನನ್ನ ಹೊಟ್ಟೆಕಿಚ್ಚೆಲ್ಲ ಅಲ್ಲೇ ನೀರಾಯಿತು, ಅದರ ಜಾಗದಲ್ಲಿ ಬೇರೊಂದು ಸಂಕಟ ಬಂದು ಕೂತಿತು. ತಪ್ಪಿನಲ್ಲಿ ನನ್ನ ಹಲ್ಲಿನ ಪಾಲೂ ಇತ್ತಲ್ಲ.

ಅಂಗಡಿ ಉದ್ದಕ್ಕೆ ಸುರಂಗದ ಹಾಗಿತ್ತು. ಎರಡೂ ಕಡೆ ಸುರುಳಿಗಳು ಗೋಡೆಗೆ ಒರಗಿ ನಿಂತಿದ್ದವು. ಆಕೆ ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಒಂದು ಕೈಲಿ ಟೀ ಲೋಟ ಹಿಡಿದು ಕೂತಿದ್ದಳು. ನಮ್ಮನ್ನು ನೋಡಿ, ತುಟಿಯನ್ನು ಹೆಚ್ಚು ಬಿಚ್ಚದೆ, “ಹತ್ತನೇ ಸಲ ಬಂದ್ರಿ. ಇವತ್ತು ಮನೆಯವರನ್ನೂ ಕರ್ಕೊಂಡು ಬಂದಿದ್ದೀರಿ ಅಂದ್ರೆ ತಗೋತೀರಿ ಅನ್ಸುತ್ತೆ” ಅಂದಳು.

ನಾನು ಆಕೆಯನ್ನು ನಗಿಸಲು ನನಗೆ ಗೊತ್ತಿದ್ದ ಕಸರತ್ತನ್ನೆಲ್ಲ ಮಾಡಿದೆ. ಇವರಿಗೆ ಮದುವೆಗೆ ಹೆಣ್ಣು ಆರಿಸುವಾಗ ಇಷ್ಟು ಯೋಚನೆ ಇರಲಿಲ್ಲ ಅಂದೆ. ಆಕೆ “ಹೂಂ” ಅಂದಳು. ಇವರಿಗೆ ಹೊದಿಕೆ ಬೇಕಿರುವುದು ಮೇಜಿಗಲ್ಲ, ಇವರ ತಲೆಗೆ ಅಂದೆ. ಅದಕ್ಕೂ “ಹೂಂ”. ನಮ್ಮವರು ಮಾತ್ರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆಕೆಯ ತುಟಿ ಕಾಯುತ್ತಿದ್ದರು. ಮಗು ಮೊದಲ ಹೆಜ್ಜೆ ಇಡುತ್ತದೆಯೇ ಅಂತ ನೋಡುವವರ ಹಾಗೆ ಮೈಯೆಲ್ಲ ಮುಂದಕ್ಕೆ ಬಾಗಿತ್ತು. ಅದನ್ನು ನೋಡಲು ನನಗೆ ಆಗಲಿಲ್ಲ.

ಸರಿ, ನೀಲಿ ಲಿನೋಲಿಯಂ ಬಿಚ್ಚಿ ತೋರಿಸಿ ಅಂದೆ. ನೆಲಕ್ಕೆ ಹಾಸುವ ಆ ದಪ್ಪ ಹಾಳೆ ಬಿಚ್ಚಿದರೂ ಸುರುಳಿಕೊಳ್ಳುತ್ತಿತ್ತು, ನಾನು ಎರಡೂ ಕೈಯಲ್ಲಿ ಅದರ ಅಂಚು ಒತ್ತಿ ಹಿಡಿದೆ. ನಮ್ಮವರು ಪರೀಕ್ಷೆಗೆ ಅಂತ ಜೇಬಿನಿಂದ ಒಂದು ಅಂಗಿ ಗುಂಡಿ ತೆಗೆದರು. ಹಲ್ಲನ್ನು ಅಂಗಡಿಗೆ ತರುವ ಹಾಗಿಲ್ಲವಲ್ಲ, ಒಂಬತ್ತು ದಿನವೂ ಗುಂಡಿಯನ್ನೇ ಬೀಳಿಸಿ ನೋಡಿದ್ದಾರೆ. ಈ ಸಲ ಕಣ್ಣೆಲ್ಲ ಆಕೆಯ ತುಟಿಯ ಮೇಲೆ, ಗುಂಡಿ ಲಿನೋಲಿಯಂ ಮೇಲೆ ಬೀಳದೆ ಪಕ್ಕದ ತಗಡಿನ ಮೇಲೆ ಬಿತ್ತು. ಟಣ್ ಅಂತ ನೆಗೆದು ಸೀದಾ ಆಕೆಯ ಟೀ ಲೋಟಕ್ಕೆ ಹೋಗಿ ಬಿತ್ತು. ನಮ್ಮವರು ಗಾಬರಿಯಲ್ಲಿ, “ತಗಡು ಬೇಡ” ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಕೈ ಅಡ್ಡ ಹಿಡಿಯೋಣವೆಂದರೆ ಎರಡೂ ಕೈ ಲಿನೋಲಿಯಂ ಮೇಲೆ. ಬಿಟ್ಟರೆ ಸುರುಳಿ ಮುಖಕ್ಕೆ ಹೊಡೆಯುತ್ತದೆ. ಬಾಯಿ ತುಂಬ ನಕ್ಕೆ. ಆಕೆ ಟೀಯೊಳಗಿನ ಗುಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ತಾನೂ ನಗಲು ಶುರುಮಾಡಿದಳು. ನನ್ನ ಹಲ್ಲು ಆಕೆಯ ಬಾಯಲ್ಲಿ ನಗುತ್ತಿತ್ತು. ಕನ್ನಡಿಯಲ್ಲಿ ಎಷ್ಟೋ ಸಲ ನೋಡಿ ಮುಖ ತಿರುಗಿಸಿದ ಅದೇ ಓರೆ ಅಲ್ಲಿ ಎಷ್ಟು ಚೆಂದ ಕಂಡಿತು ಅಂದರೆ, ನನ್ನ ಕಣ್ಣಲ್ಲಿ ನೀರು ಬಂತು.

“ಅಯ್ಯೋ, ನಿಮ್ದೂ ಬಲಗಡೆನೇ!” ಅಂದಳು ಆಕೆ. “ನಂದು ಹುಟ್ಟಿದ್ದು ಎಡಗಡೆ. ಇವು ಕಟ್ಟಿಸಿದ್ದಮ್ಮಾ. ಹೇಳ್ಕೋಬಾರದು ಅಂತಾರೆ, ಈ ವಯಸ್ಸಲ್ಲಿ ನನಗೇನು ಮುಚ್ಚುಮರೆ? ಕಟ್ಟಿದ ಪುಣ್ಯಾತ್ಮ ಕಡೆ ತಪ್ಪಿಸಿಬಿಟ್ಟ.”

ನಾನೇ ಕೇಳಿದೆ: “ಮತ್ತೆ ವಾಪಸು ಕೊಟ್ಟು ಸರಿ ಮಾಡಿಸ್ಕೋಬಹುದಿತ್ತಲ್ಲ?”

“ಹಾಗೇ ಅಂದ್ಕೊಂಡಿದ್ದೆ. ಆದ್ರೆ ಅವತ್ತೇ ತಂಗಿ ಮನೆಗೆ ಹೊರಟಿದ್ದೆ. ಅವಳು ಉಳಿಯಲ್ಲ ಅಂತ ಹೇಳಿದ್ದರು. ಬೊಚ್ಚುಬಾಯಲ್ಲಿ ಹೋದ್ರೆ ಗುರುತೇ ಸಿಗಲ್ಲವೇನೋ, ಅಕ್ಕ ಅಕ್ಕನ ಹಾಗೇ ಕಾಣಲಿ ಅಂತ ಓರೆ ಹಲ್ಲು ಕೇಳಿ ಮಾಡಿಸಿದ್ದು. ಹೋಗಿ ಮಂಚದ ಪಕ್ಕ ಕೂತು ಬಾಯಿ ಬಿಟ್ಟೆ ನೋಡಿ, ‘ಅಕ್ಕಾ, ನಿನ್ನ ಹಲ್ಲು ಮನೆ ಬದಲಾಯಿಸಿದೆ’ ಅಂದಳು. ನಕ್ಕಳು. ಎರಡು ತಿಂಗಳಿಂದ ನಕ್ಕಿರಲಿಲ್ಲವಂತೆ. ಹನ್ನೊಂದು ದಿನ ಇದ್ದೆ. ನಾನು ಬಾಯಿ ಬಿಟ್ಟಾಗೆಲ್ಲ ನಗ್ತಿದ್ದಳು. ಇದನ್ನ ಹೇಗೆ ವಾಪಸು ಕೊಡ್ಲಿ?”

ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡಳು. “ಅವಳು ಹೋದ ಮೇಲೆ ಇದನ್ನ ನೋಡಿ ನಗೋರು ಯಾರೂ ಇಲ್ಲ. ಅದಕ್ಕೇ ನಾನೂ ಹೆಚ್ಚು ನಗಲ್ಲ. ಮಾಡಿದೋನು ಯಾರೋ, ಎದುರಿಗೆ ಸಿಕ್ಕಿದ್ರೆ ಬೈಬೇಕೋ ಕೈ ಮುಗೀಬೇಕೋ ನನಗೆ ಗೊತ್ತಿಲ್ಲ.”

ನಾನು ಗಂಡನ ಕಡೆ ನೋಡಿದೆ. ಹೇಳಿಬಿಡಿ ಅಂತ ಕಣ್ಣಲ್ಲೇ ಅಂದೆ. ಅವರ ತುಟಿ ಒಂದೆರಡು ಸಲ ಅಲುಗಿತು. ಕೊನೆಗೆ ಆ ಮಹಾನುಭಾವರು ಹೇಳಿದ್ದು ಇಷ್ಟು: “ಈ ನೀಲಿದೇ ಕೊಡಿ.”

ಆಕೆ ಅಳೆದು, ಗೀಟೆಳೆದು, ಗೀಟಿನಿಂದ ನಾಲ್ಕು ಬೆರಳು ಆಚೆಗೆ ಕತ್ತರಿ ಹಾಕಿದಳು. ಸುರುಳಿ ಸುತ್ತಿ ಕೊಡುವಾಗ ಇವರ ಕೈ ಹಿಡಿದಂತಾಯಿತು. ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಹೋಗದ ಗುಲಾಬಿ ಮೇಣ, ಗೆರೆಗಳಲ್ಲಿ ಬಿಳಿ ಪ್ಲಾಸ್ಟರು. ಆಕೆ ಅದನ್ನು ಒಂದು ಕ್ಷಣ ನೋಡಿ, ನಾಲಿಗೆಯಿಂದ ತನ್ನ ಓರೆ ಹಲ್ಲನ್ನು ಮುಟ್ಟಿಕೊಂಡಳು. ಆಮೇಲೆ ಇವರಿಗೇನೂ ಹೇಳದೆ ನನ್ನ ಕಡೆ ತಿರುಗಿದಳು.

“ನಿಮ್ಮವರು ನಿಮ್ಮನ್ನ ಚೆನ್ನಾಗಿ ನೋಡಿದ್ದಾರಮ್ಮಾ” ಅಂದಳು.

ಸುರುಳಿ ಹೊತ್ತು ಮನೆಯ ದಾರಿ ಹಿಡಿದೆವು. ಸುರುಳಿಯ ಒಂದು ತುದಿ ಅವರ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಹಿಂದೆ ನಡೆಯುತ್ತಿದ್ದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಅಳುತ್ತಿದ್ದರೋ ನಗುತ್ತಿದ್ದರೋ ಹೇಳಲಾರೆ.

ಮನೆಗೆ ಬಂದು ಬಾಗಿಲ ಮೇಲಿನ ಸಾಮಾನೆಲ್ಲ ಇಳಿಸಿದೆವು. ಒಂಬತ್ತು ತುಂಡುಗಳನ್ನು ನಾನು ಡಬ್ಬಿಗೆ ಹಾಕಿದೆ, ಬಿಸಾಡಲು ಮನಸ್ಸಾಗಲಿಲ್ಲ. ಅವರು ಮರವನ್ನು ತಿಕ್ಕಿ ಒರೆಸಿ, ಅಂಟು ಬಳಿದು, ಅಂಚಿಗೆ ಬಂದಾಗ ನಿಂತರು. ಗುಂಡುಪಿನ್ನು ಕಿತ್ತರು. ಎಂಟು ವರ್ಷ ಬಿಸಿಲಿಗೆ ಹಳದಿಯಾದ ಚೀಟಿಯನ್ನು ತೆಗೆದಿಡುತ್ತಾರೆ ಅಂದುಕೊಂಡೆ. ಇದ್ದ ಜಾಗದಲ್ಲೇ ಅಂಟಿನ ಮೇಲೆ ಮಲಗಿಸಿದರು.

“ಮುಚ್ಚಿಹೋಗುತ್ತಲ್ರೀ?”

“ಇರಲಿ. ಇನ್ನು ನೋಡೋದು ಬೇಡ.”

ನೀಲಿ ಹಾಳೆ ಎಳೆದು ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದರು. ಬೀಗದ ತೂತೂ ಮುಚ್ಚಿಹೋಯಿತು. ಉರಿ ತಾಗದಿರಲಿ ಅಂತ ದೀಪದ ಕೆಳಗೆ ಒಂದು ಟೈಲ್ಸ್ ತುಂಡು ಇಟ್ಟರು. ಡಬ್ಬಿಯಿಂದ ಒಂದು ಹಲ್ಲು ತೆಗೆದು ಬೀಳಿಸಿದರು. ಟಪ್ ಅಂತ ಬಿತ್ತು, ಬಿದ್ದಲ್ಲೇ ಕೂತಿತು. ಕಡುನೀಲಿಯ ಮೇಲೆ ಎಷ್ಟು ದೂರದಿಂದಲೂ ಕಾಣುತ್ತಿತ್ತು.

ನಾನು ಅಂಚಿನಲ್ಲಿ ಹೆಚ್ಚಾಗಿ ಇಳಿಬಿದ್ದ ನಾಲ್ಕು ಬೆರಳನ್ನು ಕತ್ತರಿಸಲು ಕತ್ತರಿ ಹಿಡಿದಿದ್ದೆ. ಅವರು ಕಿಟಕಿಯ ಪರದೆ ಸರಿಸಿ, ಕನ್ನಡಕ ಏರಿಸಿಕೊಂಡು ನನ್ನ ಕಡೆ ತಿರುಗಿದರು.

“ಸ್ವಲ್ಪ ಇಲ್ಲಿ ಬಾ. ನಗು.”

“ಯಾಕೆ, ಕೆಲಸ ಇದೆಯಾ?”

“ಇಲ್ಲ” ಅಂದರು. “ಕೆಲಸ ಏನೂ ಇಲ್ಲ.”

ನಾನು ಕತ್ತರಿಯನ್ನು ಬಾಗಿಲ ಮೇಲಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೆಳಕಿಗೆ ಹೋಗಿ ನಿಂತೆ.